ಯೆಲ್ಲಪ್ಪನ ಮಗ ನಾಗಪ್ಪ

ನೈರೋಬಿಯ ಸೌತ್ ಬಿ ಬಡಾವಣೆಯ ಆ ನಾಲ್ಕು ಮಹಡಿಯ ಕಟ್ಟಡಕ್ಕೆ ವಾರದಲ್ಲಿ ಎರಡೇ ದಿನ ನಲ್ಲಿ ನೀರು. ಮಿಕ್ಕ ದಿನ ಟ್ಯಾಂಕರೇ ಗತಿ. ಟ್ಯಾಂಕರಿನ ಹಾರ್ನ್ ಕೇಳಿದರೆ ಸಾಕು, ಅಂಬುಜಾ ತಮ್ಮ ಅರವತ್ತಮೂರು ವರ್ಷವನ್ನೂ ಮಂಡಿನೋವನ್ನೂ ಮರೆತು ಎರಡು ಹಳದಿ ಕ್ಯಾನು ಹಿಡಿದು ಕೆಳಗಿಳಿದುಬಿಡುತ್ತಿದ್ದರು. ಮೂವತ್ತೈದು ವರ್ಷದ ಹಿಂದೆ ಮೈಸೂರಿನಿಂದ ಬಂದು, ಇದೇ ಬಡಾವಣೆಯ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಬೀದಿಯ ಅರ್ಧ ಜನ ಅವರನ್ನು ಇವತ್ತಿಗೂ ‘ಮ್ವಾಲಿಮು’ ಅಂತಲೇ ಕರೆಯುವುದು, ಅಂದರೆ ಟೀಚರು. ಗಂಡ ವಾಮನ ಹಲ್ಲಿನ ಡಾಕ್ಟರು. ಬೆಳಗಿನ ಹೊತ್ತು ಪೇಪರು ಬಿಟ್ಟು ಏಳುವುದೆಂದರೆ ಅವರಿಗೆ ತಮ್ಮದೇ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ.

ಇಲ್ಲಿ ಜೂನ್ ಎಂದರೆ ಚಳಿಗಾಲ; ಅಂಥ ಒಂದು ಬೆಳಗು. ಅಂಬುಜಾ ಟ್ಯಾಂಕರಿನ ಸಾಲಿನಲ್ಲಿ ನಿಂತು ಮೊದಲ ಮಹಡಿಯ ಬಾಲ್ಕನಿಯತ್ತ ಕೂಗಿದರು: “ರೀ, ಇನ್ನೆರಡು ಕ್ಯಾನ್ ತಗೊಂಡ್ ಬನ್ನಿ! ಬೇಗ! ನೀರು ಖಾಲಿ ಆಗ್ಬಿಡತ್ತೆ!”

“ನೀರ,” ಅಂತ ಯಾರೋ ಅವರ ಬೆನ್ನ ಹಿಂದೆ ಅಂದರು.

ತಿರುಗಿ ನೋಡಿದರೆ, ಗೋಡೆಯ ಪಕ್ಕ ಎಳೆಬಿಸಿಲಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಒಬ್ಬ ಮುದುಕರು ಕೂತಿದ್ದರು. ಎಂಬತ್ತೈದು ದಾಟಿದ ಜೀವ. ಮೈಮೇಲೆ ದಪ್ಪ ಉಣ್ಣೆ ಕೋಟು, ಎಡಗಣ್ಣಿಗೆ ಬಿಳಿ ಪಟ್ಟಿ. ನೆಲಮಹಡಿಗೆ ಎರಡು ತಿಂಗಳ ಹಿಂದೆ ಬಾಡಿಗೆಗೆ ಬಂದ ನರ್ಸ್ ಮ್ವೆಂಡೆಯ ತಂದೆ. ಕಣ್ಣಿನ ಪೊರೆ ತೆಗೆಸಲು ಊರಿನಿಂದ ಕರೆಸಿಕೊಂಡಿದ್ದಾಳೆ ಎಂಬಷ್ಟು ಅಂಬುಜಾಗೆ ಗೊತ್ತಿತ್ತು. ಕಾಂಬಾ ಬುಡಕಟ್ಟಿನ ಜನ, ಮೊಂಬಾಸಾ ದಾರಿಯ ಮಕಿಂಡು ಊರಿನ ಕಡೆಯವರು.

“ನೀರ ತಾ,” ಅಂದರು ಅಜ್ಜ, ಒಂದು ಕಣ್ಣಿನಿಂದ ಅವರನ್ನೇ ನೋಡುತ್ತ. ಆಮೇಲೆ ಗಂಟಲು ಸರಿಮಾಡಿಕೊಂಡು, ಪಾಠ ಒಪ್ಪಿಸುವ ಹುಡುಗನ ಹಾಗೆ ಒಂದೊಂದಾಗಿ ಹೇಳಿದರು: “ಬಾ ಇಲ್ಲಿ. ಕುಂದರ. ಉಣ್ಣ. ಕಲ್ಲ ಹಿಡಿ. ಸುಮ್ಮ ಕುಂದರ.”

ಅಂಬುಜಾರ ಕೈಯಲ್ಲಿದ್ದ ಕ್ಯಾನು ತುಂಬಿ ಕಾಲಮೇಲೆ ಚೆಲ್ಲಿತು. ಅವರಿಗೆ ಗೊತ್ತಾಗಲಿಲ್ಲ.

“ಮ್ಜೇ,” ಎಂದು ಹಿರಿಯರನ್ನು ಕರೆಯುವ ಹಾಗೆ ಕರೆದು, ಸ್ವಾಹಿಲಿಯಲ್ಲಿ ಕೇಳಿದರು, “ಈ ಮಾತು ನಿಮಗೆ ಯಾರು ಕಲಿಸಿದ್ದು?”

“ನನ್ನಪ್ಪ ಆಡುತ್ತಿದ್ದ ಮಾತು. ಎಪ್ಪತ್ತಮೂರು ವರ್ಷ ಆಯಿತು, ಯಾರ ಬಾಯಲ್ಲೂ ಕೇಳಿರಲಿಲ್ಲ. ಇಂಡಿಯಾದವರು ಕಂಡಾಗೆಲ್ಲ ಕಿವಿ ಕೊಡುತ್ತಿದ್ದೆ, ಯಾರದ್ದೂ ಇದಲ್ಲ. ನೀವು ಈಗ ಕೂಗಿದಿರಲ್ಲ, ಅದರಲ್ಲಿ ನೀರ ಬಂತು.”

ಹಿಂದಿನಿಂದ ಜನ ಸಾಲು ಮುಂದೆ ಹೋಗಲಿ ಎಂದು ಗದರಿದರು. ವಾಮನ ಖಾಲಿ ಕ್ಯಾನು ಹಿಡಿದು ಚಪ್ಪಲಿ ಎಳೆಯುತ್ತ ಬಂದರು. ಹೆಂಡತಿಯ ಮುಖ ನೋಡಿ, “ಏನಾಯ್ತು ಅಂಬುಜಾ?” ಅಂದರು. ಅಂಬುಜಾ ತುಂಬಿದ ಕ್ಯಾನನ್ನು ಅವರ ಕೈಗಿಟ್ಟು ಅಜ್ಜನತ್ತ ತೋರಿಸಿದರು.

ಆ ಮಧ್ಯಾಹ್ನವೇ ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಕೆಳಗೆ ಹೋದರು. ಆಮೇಲೆ ಅದು ದಿನದ ರೂಢಿಯಾಯಿತು. ಮ್ವೆಂಡೆ ಡ್ಯೂಟಿಗೆ ಹೋದ ಮೇಲೆ ಅಜ್ಜನಿಗೂ ಮಾತಿಗೊಬ್ಬರು ಬೇಕಿತ್ತು. ಅವರ ಹೆಸರು ದಾವುದಿ ನಾಗಯೆಲಾ. ಮೂವತ್ತನಾಲ್ಕು ವರ್ಷ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿ ದುಡಿದವರು.

“ನಾಗಯೆಲಾ ಅನ್ನುವುದು ಕಾಂಬಾ ಹೆಸರಲ್ಲವಲ್ಲ?” ಎಂದು ಕೇಳಿದರು ಅಂಬುಜಾ.

“ಅಪ್ಪನ ಕಾಗದದಲ್ಲಿ ಇದ್ದದ್ದೇ ಅದು. ನಾಗ ಯೆಲ್ಲ. ಕಾಗದವನ್ನು ಗೆದ್ದಲು ತಿಂದಿತು, ಹೆಸರು ನಮಗೆ ಉಳಿಯಿತು.”

ಅಂಬುಜಾಗೆ ಅರ್ಥವಾಗಲು ಒಂದು ಲೋಟ ಚಹಾ ಮುಗಿಯಬೇಕಾಯಿತು. ನಾಗಪ್ಪ. ತಂದೆಯ ಹೆಸರು ಯೆಲ್ಲಪ್ಪ. ಯಾವನೋ ಗುಮಾಸ್ತ ಎರಡರ ಬಾಲವನ್ನೂ ಕತ್ತರಿಸಿ ಪಕ್ಕಪಕ್ಕ ಬರೆದಿದ್ದಾನೆ. ಮಗನ ಹೆಸರು, ಅಪ್ಪನ ಹೆಸರು ಅಂಟಿಕೊಂಡು ಮಕಿಂಡು ಸೀಮೆಯಲ್ಲಿ ಒಂದು ಮನೆತನವಾಗಿಬಿಟ್ಟಿದೆ. ಹಾಗೆಂದು ಅಜ್ಜನಿಗೆ ಬಿಡಿಸಿ ಹೇಳಿದರು. ತಮ್ಮ ತಾತನಿಗೂ ಒಂದು ಹೆಸರಿತ್ತು ಎಂಬುದು ಎಂಬತ್ತೇಳನೆಯ ವಯಸ್ಸಿನಲ್ಲಿ ಅವರಿಗೆ ತಿಳಿದದ್ದು.

ನಾಗಪ್ಪ ಕಲ್ಲುಕುಟಿಗ. ವಿಜಾಪುರದ ಸೀಮೆಯವನು. ಬರ ಬಿದ್ದ ವರ್ಷ ಕೆಲಸ ಹುಡುಕುತ್ತ ಮುಂಬಯಿಗೆ ಹೋದ, ಅಲ್ಲಿ ಪ್ಲೇಗು. ಅಲ್ಲಿಂದ ಕರಾಚಿಯ ಬಂದರಿಗೆ ಕಲ್ಲು ಕಟ್ಟುವ ಕೆಲಸಕ್ಕೆ ಹೋದವನು, ಹದಿನೆಂಟನೆಯ ವಯಸ್ಸಿಗೆ ಒಂದು ಕರಾರಿನ ಮೇಲೆ ಹೆಬ್ಬೆಟ್ಟು ಒತ್ತಿದ. ಮೂರು ವರ್ಷ ಸಮುದ್ರದಾಚೆ ರೈಲು ದಾರಿಯ ಕೆಲಸ, ಮುಗಿದ ಮೇಲೆ ವಾಪಸು ಹಡಗು. ಜೊತೆಯವರೆಲ್ಲ ಪಂಜಾಬಿನವರು, ಇವನ ಮಾತು ಬಲ್ಲ ಒಂದು ನರಪಿಳ್ಳೆಯೂ ಇರಲಿಲ್ಲ. ಮೊಂಬಾಸಾದಿಂದ ಒಳನಾಡಿಗೆ ಹಳಿಯ ಜೊತೆಗೆ ಇವನೂ ಸರಿದ. ಸೇತುವೆಗೆ, ಮೋರಿಗೆ, ಸ್ಟೇಷನ್ನಿಗೆ ಕಲ್ಲು ಒಡೆದ. ಮಕಿಂಡು ಹತ್ತಿರ ಬರುವಾಗ ಕಾಲಿಗೆ ಫುಂಜಾ ಹತ್ತಿತು. ಅದು ಉಗುರಿನ ಅಡಿಯಲ್ಲಿ ಕೊರೆದು ಮೊಟ್ಟೆಯಿಡುವ ಮಣ್ಣಿನ ಹುಳ. ಎರಡು ಬೆರಳು ಕೊಳೆತವು.

“ಕರಾರು ಮುಗಿದು ಹಡಗು ಹೊರಡುವ ಹೊತ್ತಿಗೆ ಅಪ್ಪ ಒಬ್ಬ ಕಾಂಬಾ ಹೆಂಗಸಿನ ಗುಡಿಸಲಲ್ಲಿ ಮಲಗಿದ್ದ,” ಅಂದರು ದಾವುದಿ. “ಆಕೆ ಮುಳ್ಳಿನಿಂದ ಹುಳ ತೆಗೆಯುತ್ತಿದ್ದಳು. ಹಡಗು ಹೋಯಿತು. ಅಪ್ಪ ಉಳಿದ. ಆಕೆಯನ್ನೇ ಮದುವೆಯಾದ. ಆಕೆ ತೀರಿಕೊಂಡ ಎಷ್ಟೋ ವರ್ಷಕ್ಕೆ ನನ್ನ ತಾಯಿ ಬಂದಳು. ನಾನು ಹುಟ್ಟಿದಾಗ ಅಪ್ಪನಿಗೆ ಅರವತ್ತರ ಹತ್ತಿರ.”

“ನಿಮ್ಮ ಹತ್ತಿರ ಅವರ ಮಾತಲ್ಲೇ ಮಾತಾಡ್ತಿದ್ರಾ?”

“ನನ್ನ ಹತ್ತಿರ ಮಾತ್ರ. ಬೇರೆ ಯಾರ ಹತ್ತಿರ ಆಡಬೇಕು?”

ಅಂಬುಜಾ ಮೇಲೆ ಬಂದು ಗಂಡನಿಗೆ ಎಲ್ಲ ಹೇಳಿದರು. ಕರಾರಿನ ಕೂಲಿಗಳ ಬಗ್ಗೆ ಅವರು ತರಗತಿಯಲ್ಲಿ ವರ್ಷವರ್ಷವೂ ಒಂದು ಪುಟ ಓದಿಸಿದ್ದರು. ಮೂವತ್ತು ಸಾವಿರಕ್ಕೂ ಮೇಲೆ ಜನ ಬಂದರು, ಸುಮಾರು ಎರಡೂವರೆ ಸಾವಿರ ಜನ ಸತ್ತರು, ಕೆಲವು ಸಾವಿರ ಜನ ಉಳಿದರು. ಆ ಉಳಿದವರಲ್ಲಿ ಒಬ್ಬ ತನ್ನ ಭಾಷೆಯವನು, ಅವನ ಸ್ವಂತ ಮಗ ತನ್ನ ಮನೆಯ ಕೆಳಗೇ ಬಿಸಿಲು ಕಾಯಿಸುತ್ತಿದ್ದಾನೆ. ಅವರಿಗೆ ನಿದ್ದೆ ಹತ್ತಲಿಲ್ಲ.

ಈ ಸಂತೋಷವೇ ಅವರ ಕೈಯಲ್ಲಿ ಒಂದು ತಪ್ಪು ಮಾಡಿಸಿತು.

ಅಜ್ಜ ಆ ಮಾತುಗಳನ್ನು ಹೇಳುವುದನ್ನು ಅಂಬುಜಾ ಒಂದು ದಿನ ಫೋನಿನಲ್ಲಿ ವಿಡಿಯೊ ಮಾಡಿಕೊಂಡಿದ್ದರು. ನಮ್ಮ ಯಜಮಾನರಿಗೆ ತೋರಿಸುತ್ತೇನೆ ಅಂದಿದ್ದರು; ಅಜ್ಜ ಹೂಂ ಅಂದಿದ್ದರು. ವಾಮನರಿಗೆ ತೋರಿಸಿದ್ದಾಯಿತು. ಅಷ್ಟಕ್ಕೇ ಬಿಡದೆ, ಇಲ್ಲಿನ ಕನ್ನಡ ಕೂಟದ ಕಾರ್ಯದರ್ಶಿ ಯೋಗೀಶನಿಗೂ ಕಳಿಸಿದರು. ಯೋಗೀಶ ನೈರೋಬಿಯದೇ ಇನ್ನೊಂದು ಬಡಾವಣೆ ಕಿಲಿಮಾನಿಯಲ್ಲಿರುವ ಹುಡುಗ, ಟೆಲಿಕಾಂ ಕಂಪನಿ ಬೆಂಗಳೂರಿನಿಂದ ಕಳಿಸಿದವನು. ಎರಡೇ ನಿಮಿಷದಲ್ಲಿ ಫೋನ್ ಮಾಡಿದ.

“ಆಂಟಿ, ಇದು ಗೋಲ್ಡ್ ಆಂಟಿ! ನವೆಂಬರ್ ಫಂಕ್ಷನ್‌ಗೆ ಇವರೇ ಚೀಫ್ ಗೆಸ್ಟ್. ಶಾಲು, ಪೇಟ, ಎಲ್ಲಾ ಗ್ರ್ಯಾಂಡಾಗಿ ಮಾಡೋಣ.”

“ಮೊದಲು ಅವರನ್ನ ಕೇಳ್ಬೇಕಪ್ಪ.”

“ಕೇಳೋಣ ಆಂಟಿ, ಡೆಫಿನೆಟ್ಲಿ.”

ಕೇಳುವ ಮೊದಲೇ ವಿಡಿಯೊ ಕೂಟದ ಗುಂಪಿಗೆ ಹೋಯಿತು, ಅಲ್ಲಿಂದ ಬೆಂಗಳೂರಿನ ಯಾವುದೋ ವೆಬ್ ಚಾನೆಲ್ಲಿಗೆ ಹೋಯಿತು. ‘ಆಫ್ರಿಕಾ ಕಾಡಿನಲ್ಲಿ ಕನ್ನಡ ಮಾತಾಡುವ ಅಜ್ಜ’ ಎಂದು ಹೆಸರಿಟ್ಟು, ಡೋಲು ಬಾರಿಸುವ ಸಂಗೀತ ಹಾಕಿ, ‘ಸುಮ್ಮ ಕುಂದರ’ ಎನ್ನುವುದನ್ನು ನಾಲ್ಕು ಸಲ ಮರುಕಳಿಸಿ ಹಾಕಿದ್ದರು. ಅದರ ಕೆಳಗೆ ಜನ ಬರೆದದ್ದನ್ನು ಅಂಬುಜಾ ಐದಾರು ಸಾಲು ಓದಿ ಫೋನು ಮಗುಚಿ ಇಟ್ಟರು. ಮೆಚ್ಚಿದವರು ಬಹಳ ಇದ್ದರು. ಆದರೆ ಬಣ್ಣ ಹಿಡಿದು, ಮೂಗು ಹಿಡಿದು ನಕ್ಕವರೂ ಕಮ್ಮಿ ಇರಲಿಲ್ಲ.

ಮರುದಿನ ಸಂಜೆ ಮ್ವೆಂಡೆ ಬಾಗಿಲು ತಟ್ಟಿದಳು. ನರ್ಸಿನ ಸಮವಸ್ತ್ರದಲ್ಲೇ ಇದ್ದಳು. ದನಿ ಎತ್ತರಿಸಲಿಲ್ಲ. ಆಡಿದ್ದು ಸ್ವಾಹಿಲಿಯಲ್ಲಿ.

“ಮ್ವಾಲಿಮು, ನನ್ನ ವಾರ್ಡಿನಲ್ಲಿ ನಿಮ್ಮ ಭಾಷೆ ಬಲ್ಲ ಇಂಡಿಯಾದ ನರ್ಸ್ ಒಬ್ಬಳಿದ್ದಾಳೆ. ಇದು ನಿನ್ನ ತಂದೆಯಲ್ಲವೇ ಎಂದು ವಿಡಿಯೊ ತೋರಿಸಿದಳು. ಕೆಳಗೆ ಏನು ಬರೆದಿದ್ದಾರೆ ಎಂದು ಕೇಳಿದೆ. ಪಾಪ, ಆಕೆಗೆ ಹೇಳಲು ಬಾಯಿ ಬರಲಿಲ್ಲ.”

“ಮ್ವೆಂಡೆ, ನಾನು...”

“ಅಪ್ಪನಿಗೆ ಹದಿನಾಲ್ಕು ವರ್ಷವಾಗಿದ್ದಾಗ ನನ್ನ ಅಜ್ಜ ತೀರಿಕೊಂಡರು. ಕ್ರೈಸ್ತ ಮಿಷನ್ನಿನವರು ಸ್ನಾನದೀಕ್ಷೆ ಇಲ್ಲದವನಿಗೆ ನಮ್ಮ ಸ್ಮಶಾನದಲ್ಲಿ ಜಾಗವಿಲ್ಲ ಅಂದರು. ಅಪ್ಪ ಪೇಟೆಗೆ ಓಡಿದ, ಇಂಡಿಯಾದವರ ಅಂಗಡಿಗೆ. ನಿಮ್ಮವನೊಬ್ಬ ಸತ್ತಿದ್ದಾನೆ, ಬಂದು ಎರಡು ಮಾತು ಹೇಳಿ ಎಂದು ಬೇಡಿಕೊಂಡ. ಅವರು ಇವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಚೋತಾರಾ, ಅಂದರು. ಬೆರಕೆಯವನು ಅಂತ. ಮೆಟ್ಟಿಲು ಹತ್ತಲು ಬಿಡಲಿಲ್ಲ. ಆಗ ಬೇಡವಾಗಿದ್ದವನು ಈಗ ನಿಮಗೆ ಆಟದ ಸಾಮಾನಿಗೆ ಬೇಕಾದನೇ?”

ಮ್ವೆಂಡೆ ಇಳಿದು ಹೋದ ಮೇಲೆ ಅಂಬುಜಾ ಯೋಗೀಶನಿಗೆ ಫೋನ್ ಮಾಡಿದರು.

“ತೆಗೆಸಪ್ಪ ಅದನ್ನ. ಈಗಲೇ.”

“ಆಂಟಿ, ನೆಗೆಟಿವ್ ಕಾಮೆಂಟ್ಸ್ ಎಲ್ಲದಕ್ಕೂ ಇರತ್ತೆ. ಆದ್ರೆ ರೀಚ್ ನೋಡಿ...”

“ಯೋಗೀಶ, ನಿಮ್ಮ ತಾತನ ವಿಡಿಯೊ ಹಾಕಿ ಡೋಲು ಬಾರಿಸಿದ್ರೆ ನೀನು ರೀಚ್ ನೋಡ್ತಿದ್ದಾ?”

“ಸಾರಿ ಆಂಟಿ. ತೆಗೆಸ್ತೀನಿ,” ಅಂದ. ಕೆಟ್ಟ ಹುಡುಗನಲ್ಲ. ಚಾನೆಲ್ಲಿನವರ ಬೆನ್ನು ಹತ್ತಿ ಎರಡು ದಿನದಲ್ಲಿ ತೆಗೆಸಿದ. ಅಷ್ಟರಲ್ಲಿ ಅದು ಎಷ್ಟು ಫೋನುಗಳಿಗೆ ಹೋಗಿತ್ತೋ ದೇವರಿಗೇ ಗೊತ್ತು.

ಒಂದು ವಾರ ಅಂಬುಜಾ ಚಹಾದ ಫ್ಲಾಸ್ಕು ಮುಟ್ಟಲಿಲ್ಲ. ಬಿಸಿಲಿನ ಕುರ್ಚಿಯೂ ಖಾಲಿ ಇತ್ತು. ವಾಮನ ಒಂದು ದಿನ ಪೇಪರು ಮಡಚಿಟ್ಟು, “ತಪ್ಪು ಮಾಡಿದವರು ಬಾಗಿಲು ಹಾಕ್ಕೊಂಡು ಕೂತ್ರೆ ಅದು ಪಶ್ಚಾತ್ತಾಪ ಅಲ್ಲ, ಅಂಬುಜಾ. ಅದು ಮಾನ ಕಾಪಾಡ್ಕೊಳ್ಳೋದು,” ಅಂದರು. ಅಂಬುಜಾಗೆ ಸಿಟ್ಟು ಬಂತು. ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡು ಕೆಳಗಿಳಿದರು.

ಬಾಗಿಲು ತೆಗೆದವಳು ಮ್ವೆಂಡೆ. ಒಳಗೆ ಬನ್ನಿ ಅನ್ನಲಿಲ್ಲ. ಅಂಬುಜಾ ಹೊಸಿಲಾಚೆ ನಿಂತೇ ಹೇಳಿದರು. ಗಂಡನಿಗೆ ತೋರಿಸುತ್ತೇನೆ ಅಂತ ಹೇಳಿ ತೆಗೆದುಕೊಂಡು ಬೇರೆಯವರಿಗೆ ಕೊಟ್ಟೆ, ಅದು ನಂಬಿಕೆದ್ರೋಹ; ಬೇರೆಯವರ ಮೇಲೆ ಹೊರಿಸುವುದಿಲ್ಲ, ತಪ್ಪು ನನ್ನದು. ಮೂವತ್ತು ವರ್ಷ ತಪ್ಪು ಮಾಡಿದ ಮಕ್ಕಳಿಂದ ಇಂಥ ಮಾತು ಹೇಳಿಸಿದವರಿಗೆ ತಾವೇ ಹೇಳುವಾಗ ಮಾತನ್ನು ಒಂದೊಂದಾಗಿ ಹುಡುಕಬೇಕಾಯಿತು.

ಒಳಗಿನಿಂದ ಅಜ್ಜನ ದನಿ ಬಂತು. “ಮ್ವೆಂಡೆ, ಆಕೆಯನ್ನು ಒಳಗೆ ಬಿಡು. ಆಕೆಯಿಂದ ಒಂದು ಕೆಲಸವಾಗಬೇಕು.”

ಕಣ್ಣಿನ ಪಟ್ಟಿ ತೆಗೆದಿದ್ದರು. ಎರಡೂ ಕಣ್ಣಿನಿಂದ ಅಂಬುಜಾರನ್ನು ನೋಡಿ ಹೇಳಿದರು: “ಜನ ನಕ್ಕರೆ ನನಗೇನೂ ಆಗಲಿಲ್ಲ. ನಗುವುದನ್ನು ನಾನು ಬಹಳ ನೋಡಿದ್ದೇನೆ. ಆದರೆ ಅಪ್ಪ ಮಣ್ಣಿಗೆ ಹೋದಾಗ ಅವನ ಮಾತಿನಲ್ಲಿ ಒಂದು ಮಾತು ಆಡುವವರಿರಲಿಲ್ಲ. ನಾನೂ ತಾಯಿಯೂ ಸೇರಿ ಮುಳ್ಳುಮರದ ಕೆಳಗೆ ಹೂತೆವು. ಈಗ ನಿಮ್ಮ ಜನ ಇಷ್ಟೊಂದು ಇದ್ದಾರಲ್ಲ, ಅವರಲ್ಲಿ ಅಪ್ಪನ ಮಾತನ್ನೇ ಆಡುವ ಒಬ್ಬರನ್ನು ಕರೆತನ್ನಿ; ನಿಮ್ಮದು ಹತ್ತಿರ ಬರುತ್ತದೆ, ಅದೇ ಅಲ್ಲ. ಊರಿಗೆ ಹೋಗೋಣ.”

ಮ್ವೆಂಡೆ ಅಡಿಗೆಮನೆ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು. “ಅಪ್ಪ, ಸತ್ತವರಿಗೆ ಪೂಜೆ ಮಾಡುವುದು ನಮ್ಮ ಚರ್ಚಿಗೆ ಒಪ್ಪಿಗೆಯಲ್ಲ.”

“ಪೂಜೆ ಅಲ್ಲ ಮಗಳೇ. ಮಾತು.”

ಶಾಸ್ತ್ರವೂ ಒಂದಿರಲಿ ಎಂದು ಅಂಬುಜಾ ಮೊದಲು ಪರಿಚಯದ ಒಬ್ಬ ಪುರೋಹಿತರನ್ನು ಕೇಳಿದರು. ಅವರು ಮರ್ಯಾದೆಯಿಂದಲೇ ಕೂರಿಸಿ, ಗೋತ್ರ ಯಾವುದು, ತೀರಿಕೊಂಡ ತಿಥಿ ಯಾವುದು ಎಂದು ವಿಚಾರಿಸಿದರು. ಎರಡಕ್ಕೂ ಉತ್ತರವಿರಲಿಲ್ಲ. ಇಲ್ಲೇ ಎಳ್ಳುನೀರು ಬಿಡಬಹುದು, ಹೂತ ಜಾಗಕ್ಕೆ ಬರಲಾಗುವುದಿಲ್ಲ ಎಂದರು. ಅಂಬುಜಾ ಎದ್ದು ಬಂದರು.

ಆಗ ನೆನಪಾದದ್ದು ಮಧುಕರ. ಕೂಟದ ಗುಂಪಿನಲ್ಲಿ ಎಲ್ಲರೂ ವಿಡಿಯೊಗೆ ಚಪ್ಪಾಳೆ ಹೊಡೆಯುತ್ತಿದ್ದಾಗ, ‘ದಯವಿಟ್ಟು ಇದನ್ನು ತೆಗೆಯಿರಿ’ ಎಂದು ಒಂದೇ ಸಾಲು ಬರೆದಿದ್ದವನು. ಮೊಬೈಲ್ ಟವರ್ ನಿಲ್ಲಿಸುವ ಎಂಜಿನಿಯರು, ಮಿತಭಾಷಿ, ವಿಜಾಪುರದ ಕಡೆಯವನು. ಕಿಲಿಮಾನಿಯ ಅವನ ಬಾಡಿಗೆ ಮನೆಗೇ ಹೋಗಿ ವಿಷಯ ಹೇಳಿದರು.

“ನಾ ಬರ್ತೀನ್ರಿ ಮೇಡಂ. ಆದ್ರ ಒಂದು ಮಾತು ನಿಮಗ ಹೇಳಬೇಕ್ರಿ. ಕೂಟದಾಗ ಯಾರಿಗೂ ಹೇಳಿಲ್ಲ.”

“ಹೇಳಪ್ಪ.”

“ನಮ್ಮ ಅಜ್ಜಾನೂ ಕಲ್ಲ ಒಡಿಯಾಂವಾ ಇದ್ದ ರೀ. ಊರಾಗಿನ ಗುಡಿ ಕಲ್ಲೆಲ್ಲ ಅಂವನ ಕೈಯಾಗಿಂದನ. ಗುಡಿ ಒಳಗ ಮಾತ್ರ ಬಿಡ್ತಿರಲಿಲ್ಲ. ಆ ಅಂಗಡಿಯವ್ರು ಮೆಟ್ಟಲಾ ಹತ್ತಗೊಡಲಿಲ್ಲ ಅಂದ್ರಲ್ರಿ, ಅದು ನನಗ ಹೊಸಾದಲ್ರಿ.”

ಎರಡು ವರ್ಷದಿಂದ ಅವನು ಕೂಟದ ಹಬ್ಬದೂಟಗಳಲ್ಲಿ ತಮ್ಮ ಪಕ್ಕ ಕೂತು ಉಂಡಿದ್ದಾನೆ. ಒಂದು ದಿನವೂ ನಿಮ್ಮ ಮನೆಯಲ್ಲಿ ಯಾರ್‍ಯಾರಿದ್ದಾರೆ ಎಂದು ತಾವು ಕೇಳಿಲ್ಲ ಎನ್ನುವುದು ಅಂಬುಜಾಗೆ ಅಲ್ಲಿ ಕೂತಾಗ ಹೊಳೆಯಿತು.

ಮಧುಕರ ಅವರೆದುರಿಗೇ ಊರಿಗೆ ಫೋನ್ ಹಚ್ಚಿ, ಹೂತವರ ಹತ್ತಿರ ಹೋದರೆ ಏನು ಮಾಡಬೇಕು ಎಂದು ತಾಯಿಯನ್ನು ಕೇಳಿದ. ಸ್ಪೀಕರಿನಲ್ಲಿ ಆಕೆಯ ದೊಡ್ಡ ಗಂಟಲು ಮನೆ ತುಂಬಿತು.

“ಮಂತ್ರಾ ಗಿಂತ್ರಾ ನಮಗ್ಯಾವ್ದೋ ತಮ್ಮಾ? ಅಂವಗ ಸೇರತಿದ್ದದ್ದು ಮಾಡಿ ಎಡಿ ಹಿಡಿ. ನೀರ ಬಿಡು. ಹೆಸರ ಹಿಡದು ಕರಿ. ಆಮ್ಯಾಲ ಮನಿ ಸುದ್ದಿ ಹೇಳು. ಯಾರ ಹುಟ್ಟಿದ್ರು, ಯಾರ ಹ್ವಾದ್ರು, ಎಲ್ಲಾ ಹೇಳಬೇಕು. ಹೇಳಲಿಲ್ಲಂದ್ರ ಅವರಿಗೆ ಹ್ಯಾಂಗ ಗೊತ್ತಾಗಬೇಕು?”

ಶನಿವಾರ ಬೆಳಿಗ್ಗೆ ಆರಕ್ಕೆ ವಾಮನರ ಹಳೆಯ ಕಾರು ಹೊರಟಿತು. ಮುಂದೆ ಅಜ್ಜ. ಹಿಂದೆ ಅಂಬುಜಾ, ಮಧುಕರ, ಮತ್ತು ಕೊನೆಯ ಗಳಿಗೆಯಲ್ಲಿ, “ಅಪ್ಪನ ರಕ್ತದೊತ್ತಡ ನೋಡಿಕೊಳ್ಳಲು ಯಾರಾದರೂ ಬೇಕು,” ಎಂದುಕೊಂಡು ಬಂದು ಕೂತ ಮ್ವೆಂಡೆ. ಮಧುಕರನ ತೊಡೆಯ ಮೇಲೊಂದು ಬಟ್ಟೆಗಂಟು. ಇಲ್ಲಿನ ಅಂಗಡಿಯಲ್ಲಿ ಮ್ತಾಮಾ ಎಂದು ಮಾರುವ ಜೋಳದ ಹಿಟ್ಟು ತಂದು ನಸುಕಿಗೆ ಎದ್ದು ರೊಟ್ಟಿ ಬಡಿದಿದ್ದ. ಪುಂಡಿಪಲ್ಯ ನೈರೋಬಿಯಲ್ಲಿ ಎಲ್ಲಿ ಸಿಗಬೇಕು? ಅಲಸಂದೆ ಸೊಪ್ಪಿನ ಪಲ್ಯ, ಒಂದು ಅಚ್ಚು ಬೆಲ್ಲ.

ಮೊಂಬಾಸಾ ರಸ್ತೆಯುದ್ದಕ್ಕೂ ಲಾರಿಗಳ ಸಾಲು. ಆಥಿ ನದಿ ದಾಟಿದ ಮೇಲೆ ಬಯಲು ತೆರೆದುಕೊಂಡಿತು. ಹೊಸ ರೈಲು ಎತ್ತರದ ಕಾಂಕ್ರೀಟು ಕಂಬಗಳ ಮೇಲೆ. ಹಳೆಯ ಹಳಿ ಕೆಳಗೆ, ಹುಲ್ಲಿನಲ್ಲಿ ಕಂಡೂ ಕಾಣದ ಹಾಗೆ. ಮ್ವೆಂಡೆ ಕಿಟಕಿಗೆ ತಲೆ ಆನಿಸಿಕೊಂಡಿದ್ದಳು.

ಮಕಿಂಡುವಿನಿಂದ ಒಳಗೆ ನಾಲ್ಕೈದು ಮೈಲಿ ಕೆಂಪು ಮಣ್ಣಿನ ದಾರಿ. ಅಜ್ಜನ ತಮ್ಮನ ಮೊಮ್ಮಕ್ಕಳು ಈಗ ಆ ಜಮೀನಿನಲ್ಲಿದ್ದಾರೆ. ಅವರು ಬೇಲಿಯ ಹತ್ತಿರ ಬಂದು ಕೈಕುಲುಕಿ, ಅಜ್ಜನನ್ನು ಹಿಡಿದು ನಡೆಸಿದರು. ಹೊಲದ ಮೂಲೆಯಲ್ಲಿ ಕೊಡೆಯ ಹಾಗೆ ಹರಡಿದ ಮುಳ್ಳುಮರ. ಕೆಳಗೆ ಗುರುತಿಗೆ ಏನೂ ಇಲ್ಲ. ಒಂದಷ್ಟು ಹುಲ್ಲು, ಎರಡು ಮೇಕೆ. ಅಜ್ಜ ಕೋಲಿನಿಂದ ಒಂದು ಜಾಗ ತೋರಿಸಿದರು. ಅವರಿಗೆ ಅನುಮಾನವಿರಲಿಲ್ಲ.

“ಮೊದಲು ನಾನು ಪ್ರಾರ್ಥನೆ ಮಾಡುತ್ತೇನೆ,” ಅಂದಳು ಮ್ವೆಂಡೆ. ಯಾರೂ ಬೇಡ ಅನ್ನಲಿಲ್ಲ. ಅವಳು ಕಣ್ಣು ಮುಚ್ಚಿ ಕಾಂಬಾ ಮಾತಿನಲ್ಲಿ ಪ್ರಾರ್ಥಿಸಿದಳು. ಅದರಲ್ಲಿ ನಾಗಯೆಲಾ ಎಂಬ ಹೆಸರು ಮಾತ್ರ ಅಂಬುಜಾಗೆ ತಿಳಿಯಿತು. ಮುಗಿಸಿ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತಳು.

ಮಧುಕರ ಚಪ್ಪಲಿ ಬಿಟ್ಟ. ಬಾಳೆಲೆಯ ಮೇಲೆ ರೊಟ್ಟಿ, ಪಲ್ಯ, ಬೆಲ್ಲ ಇಟ್ಟ. ತಂಬಿಗೆಯಿಂದ ಸುತ್ತ ನೀರು ಬಿಟ್ಟ. ಆಮೇಲೆ ಕುಕ್ಕುರುಗಾಲಲ್ಲಿ ಕೂತು, ಪಕ್ಕದ ಮನೆಯವರನ್ನು ಕರೆಯುವಷ್ಟೇ ಸಲೀಸಾಗಿ ಕರೆದ:

“ನಾಗಪ್ಪಜ್ಜಾ! ಯೆಲ್ಲಪ್ಪನ ಮಗ ನಾಗಪ್ಪಾ! ನಿಮ್ಮ ಕಡಿಯಾಂವನ ಬಂದೀನಿ. ರೊಟ್ಟಿ ತಂದೀನಿ, ಉಣ್ಣು. ನಿನ್ನ ಮಗಾ ಬಂದಾನ. ಸುದ್ದಿ ಹೇಳತಾನ, ಕೇಳು.”

ಅಜ್ಜ ಕೋಲಿನ ಮೇಲೆ ಎರಡೂ ಕೈಯಿಟ್ಟು ಸ್ವಾಹಿಲಿಯಲ್ಲಿ ಶುರುಮಾಡಿದರು. ಅವರು ಒಂದು ಮಾತು ಹೇಳುವುದು, ಅಂಬುಜಾ ಅದನ್ನು ಕನ್ನಡಕ್ಕೆ ತರುವುದು, ಮಧುಕರ ಅದನ್ನು ವಿಜಾಪುರದ ಮಾತಿಗೆ ತಿರುಗಿಸಿ ನೆಲಕ್ಕೆ ಹೇಳುವುದು. ಅಮ್ಮ ಎಪ್ಪತ್ತೊಂಬತ್ತರಲ್ಲಿ ಹೋದಳು, ಆ ಬೇಲಿಯ ಹತ್ತಿರ ಇದ್ದಾಳೆ. ತಮ್ಮನೂ ಹೋದ. ನಾನು ನಿನ್ನ ಹಳಿಯ ಮೇಲೇ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದೆ. ನನಗೆ ಏಳು ಮಕ್ಕಳು, ಐವರು ಉಳಿದರು. ಈಕೆ ಮ್ವೆಂಡೆ, ಕೊನೆಯವಳು, ನರ್ಸು. ನನ್ನ ಕಣ್ಣಿಗೆ ಆಪರೇಷನ್ ಮಾಡಿಸಿದ್ದಾಳೆ, ಈಗ ಮರದ ಎಲೆ ಬೇರೆಬೇರೆಯಾಗಿ ಕಾಣುತ್ತವೆ.

“ನಿನ್ನ ಸಣ್ಣ ಮೊಮ್ಮಗಳು ಕಣ್ಣ ಮಾಡಿಸ್ಯಾಳ. ಈಗ ಎಲಿ ಎಲಿ ಎಣಿಸ್ತಾನ ನಿನ್ನ ಮಗಾ,” ಅಂದ ಮಧುಕರ. ನೋಡಲು ಬಂದಿದ್ದ ಆ ಮನೆಯ ಮಕ್ಕಳು ಅವನ ದನಿಯ ಏರಿಳಿತಕ್ಕೆ ನಕ್ಕರು, ಅಜ್ಜನೂ ನಕ್ಕರು. ಆಮೇಲೆ ನಗು ನಿಂತಿತು.

“ಇನ್ನೊಂದು ಇದೆ,” ಅಂದರು ಅಜ್ಜ. ಮಗಳತ್ತ ಒಮ್ಮೆ ನೋಡಿದರು. “ಮಿಷನ್ ಶಾಲೆಗೆ ಸೇರಿದ ಮೇಲೆ ಹುಡುಗರು ನನ್ನನ್ನು ಚೋತಾರಾ ಅನ್ನುತ್ತಿದ್ದರು. ಅಪ್ಪ ತನ್ನ ಮಾತಿನಲ್ಲಿ ಕೇಳಿದರೆ ನಾನು ಕಾಂಬಾದಲ್ಲಿ ಉತ್ತರ ಕೊಡಲು ಶುರುಮಾಡಿದೆ. ಆಮೇಲೆ ಉತ್ತರವನ್ನೇ ಕೊಡಲಿಲ್ಲ. ಒಂದು ದಿನ ಅಪ್ಪ ಹನ್ನೆರಡು ಮೈಲಿ ನಡೆದು ಶಾಲೆಗೆ ಬಂದ, ಆ ಕಾಲಿನಲ್ಲಿ. ನನಗೊಂದು ಅಂಗಿ ತಂದಿದ್ದ. ಮೈದಾನದ ಆಚೆಯಿಂದ ಕೈಯೆತ್ತಿ ಕೂಗಿದ. ಅವನು ಯಾರು ಎಂದು ಹುಡುಗರು ಕೇಳಿದರು. ಗೊತ್ತಿಲ್ಲ, ಅಂದೆ. ಯಾರೋ ರೈಲ್ವೆಯ ಇಂಡಿಯಾದವನು, ತಲೆ ಕೆಟ್ಟವನು, ಅಂದೆ. ಅಪ್ಪ ಅಂಗಿಯನ್ನು ಬೇಲಿಯ ಮೇಲೆ ಹಾಕಿ ಹೋದ. ಮನೆಗೆ ಬಂದಾಗ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಮಾರನೇ ವರ್ಷ ಸತ್ತ.”

ಮ್ವೆಂಡೆ ಈ ಸಂಗತಿಯನ್ನು ಎಂದೂ ಕೇಳಿರಲಿಲ್ಲ ಎಂಬುದು ಅವಳ ಮುಖದಲ್ಲೇ ಗೊತ್ತಾಯಿತು.

ಅಂಬುಜಾ ಕನ್ನಡಕ್ಕೆ ತರಲು ಹೊರಟರು. ಅರ್ಧಕ್ಕೆ ನಿಲ್ಲಿಸಿದರು. ಮತ್ತೆ ಮೊದಲಿನಿಂದ ಹೇಳಿದರು, ಅಂಗಿಯನ್ನೂ ಬೇಲಿಯನ್ನೂ ಬಿಡದೆ. ಮಧುಕರ ಎಲ್ಲ ಕೇಳಿಕೊಂಡು, ತಲೆ ತಗ್ಗಿಸಿ, ನೆಲದ ಮೇಲೆ ಅಂಗೈ ಊರಿದ.

“ಅಜ್ಜಾ, ನಿನ್ನ ಮಗಾ ತಪ್ಪಾತು ಅಂತಾನ. ಸಣ್ಣಾಂವಿದ್ದ, ತಿಳೀಲಿಲ್ಲ. ಹೊಟ್ಟ್ಯಾಗ ಹಾಕ್ಕೋ.”

ಹೊಟ್ಟೆಗೆ ಹಾಕಿಕೊಳ್ಳುವುದು ಎಂದರೇನು ಎಂದು ಅಜ್ಜ ಕೇಳಿದರು. ಅಂಬುಜಾ ಸ್ವಾಹಿಲಿಯಲ್ಲಿ ಬಿಡಿಸಿ ಹೇಳಿದರು: ನಮ್ಮಲ್ಲಿ ಕ್ಷಮಿಸುವುದನ್ನು ಹಾಗೆ ಹೇಳುತ್ತಾರೆ. ತಪ್ಪನ್ನು ಎಸೆಯುವುದಿಲ್ಲ, ನುಂಗಿ ಒಳಗಿಟ್ಟುಕೊಳ್ಳುತ್ತಾರೆ. ತಾಯಿ ಮಗುವನ್ನು ಹೊಟ್ಟೆಯಲ್ಲಿಟ್ಟುಕೊಂಡ ಹಾಗೆ. ಅಜ್ಜ ತಲೆಯಾಡಿಸಿದರು. ಕೋಲು ಬದಿಗಿಟ್ಟು ಕೂರಲು ಹೋದರು, ಮೊಣಕಾಲು ಬಾಗಲಿಲ್ಲ. ಮ್ವೆಂಡೆ ಬಂದು ಒಂದು ಕಡೆ ಹಿಡಿದಳು, ವಾಮನ ಇನ್ನೊಂದು ಕಡೆ. ಇಬ್ಬರೂ ಸೇರಿ ಅವರನ್ನು ಹುಲ್ಲಿನ ಮೇಲೆ ಕೂರಿಸಿದರು. ಬಹಳ ಹೊತ್ತು ಅವರು ಅಲ್ಲೇ ಕೂತಿದ್ದರು. ಯಾರೂ ಎಬ್ಬಿಸಲಿಲ್ಲ.

ಮಿಕ್ಕ ರೊಟ್ಟಿಯನ್ನು ಎಲ್ಲರೂ ಹಂಚಿಕೊಂಡು ತಿಂದರು. ಅಂಚು ಸೀದಿದ್ದವು, ಒಣಗಿ ಕಟಕಟ ಅನ್ನುತ್ತಿದ್ದವು. ಮ್ವೆಂಡೆ ಒಂದು ಚೂರು ಮುರಿದು ಬಾಯಿಗಿಟ್ಟು, “ನಿಮ್ಮ ತಾಯಿ ಇನ್ನೂ ಚೆನ್ನಾಗಿ ಮಾಡುತ್ತಾರೆ, ಅಲ್ಲವೇ?” ಎಂದು ಮಧುಕರನನ್ನು ಇಂಗ್ಲಿಷಿನಲ್ಲಿ ಕೇಳಿದಳು. ಅವನು ನಾಚಿಕೊಂಡು ಹೌದೆಂದ.

ಹೊರಡುವ ಮೊದಲು ಮಧುಕರ ಒಂದು ಮಾತು ಹೇಳಿದ. ಡಿಸೆಂಬರಿನಲ್ಲಿ ಊರಿಗೆ ಹೋದಾಗ ನಾಗಪ್ಪನ ಹಳ್ಳಿ ಯಾವುದೆಂದು ವಿಚಾರಿಸುತ್ತೇನೆ. ಆದರೆ ಆ ಸೀಮೆಯಲ್ಲಿ ನಾಗಪ್ಪರೂ ಯೆಲ್ಲಪ್ಪರೂ ಸಾವಿರ ಜನ, ಸಿಗುವ ಭರವಸೆ ಕೊಡಲಾರೆ. ಅಜ್ಜ ಅವನ ಭುಜ ತಟ್ಟಿ, “ಸಿಗದಿದ್ದರೆ ನಿನ್ನ ಹಳ್ಳಿಯ ಹೆಸರು ಹೇಳಿಬಿಡು, ಅದನ್ನೇ ಇಟ್ಟುಕೊಳ್ಳುತ್ತೇನೆ,” ಅಂದರು.

ವಾಪಸು ಬರುವಾಗ ಮ್ವೆಂಡೆ ಅಪ್ಪನನ್ನು ಹಿಂದಿನ ಸೀಟಿನಲ್ಲಿ ತನ್ನ ಪಕ್ಕ ಕೂರಿಸಿಕೊಂಡಳು. ದಾರಿಯ ಎಮಾಲಿ ಪೇಟೆ ದಾಟಿತು. ಆಮೇಲೆ ಅವಳು ಮೆಲ್ಲಗೆ ಕೇಳಿದಳು: “ಅಂಗಿ ಯಾವ ಬಣ್ಣದ್ದು?”

“ನೀಲಿ,” ಅಂದರು ಅಜ್ಜ. “ಹುಡುಗರೆಲ್ಲ ಹೋದ ಮೇಲೆ ತೆಗೆದುಕೊಂಡೆ. ತೋಳು ಉದ್ದವಿತ್ತು. ಎರಡು ವರ್ಷ ಹಾಕಿಕೊಂಡೆ.”

ಅಲ್ಲಿಂದ ಮಾತು ಶುರುವಾಯಿತು. ಆ ಅಂಗಿ ಹೊಲಿದ ದರ್ಜಿ, ಸ್ಟೇಷನ್ನಿನ ಹಿಂದಿದ್ದ ಬಾವಿ, ಅದಕ್ಕೆ ಅಪ್ಪ ಕಟ್ಟಿದ ಕಟ್ಟೆ, ಮೊದಲ ಸಂಬಳದಲ್ಲಿ ತಾಯಿಗೆ ತಂದ ಲಾಟೀನು. ಮ್ವೆಂಡೆ ಒಂದಾದ ಮೇಲೊಂದು ಕೇಳುತ್ತಲೇ ಹೋದಳು. ಎಷ್ಟೋ ಕಡೆ ಅವರು ಸ್ವಾಹಿಲಿ ಬಿಟ್ಟು ತಮ್ಮ ಮಾತಿಗೆ ಹೊರಳಿದರು, ಅಂಬುಜಾಗೆ ಏನೂ ತಿಳಿಯಲಿಲ್ಲ. ತಿಳಿಯಬೇಕು ಎಂದು ಅವರಿಗೆ ಅನ್ನಿಸಲೂ ಇಲ್ಲ.

ಮುಂದೆ ಸಿಮೆಂಟು ತುಂಬಿದ ಒಂದು ಲಾರಿ ಏದುಸಿರು ಬಿಡುತ್ತ ದಿಬ್ಬ ಹತ್ತುತ್ತಿತ್ತು. ಎದುರುಗಡೆ ರಸ್ತೆ ದೂರದವರೆಗೆ ಖಾಲಿ.

“ಹಿಂದೆ ಹಾಕಬಹುದಲ್ರೀ ಸರ್,” ಅಂದ ಪಕ್ಕದಲ್ಲಿ ಕೂತಿದ್ದ ಮಧುಕರ.

ವಾಮನ ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಿದರು. “ಇರಲಿ ಬಿಡಪ್ಪ, ಏನು ಅವಸರ,” ಎಂದು ಲಾರಿಯ ಹಿಂದೆಯೇ ನಿಧಾನವಾಗಿ ಉಳಿದರು.